ಲೇಗೋಸ್‌ನ ಖಾರದ ಪಾತ್ರೆ

ಗುಡ್ ಫ್ರೈಡೇ ದಿನ ನೈಜೀರಿಯಾದ ಲೇಗೋಸ್ ದ್ವೀಪದ ಹಳೆಯ ಬ್ರೆಜಿಲಿಯನ್ ಕೇರಿಯ ಕ್ಯಾಥೊಲಿಕ್ ಮನೆಗಳಲ್ಲಿ ಮಾಂಸ ಬೇಯುವುದಿಲ್ಲ. ಅಲಸಂದೆಯಂಥ ಕಾಳನ್ನು ಮೆತ್ತಗೆ ಬೇಯಿಸಿ, ನುಣ್ಣಗೆ ಮಾಡಿ, ತೆಂಗಿನಹಾಲಿನಲ್ಲಿ ಕುದಿಸಿ 'ಫ್ರೆಜೋನ್' ತಯಾರಿಸುತ್ತಾರೆ. ಸಕ್ಕರೆ ಹಾಕುವವರೂ ಇದ್ದಾರೆ, ಲವಂಗ ಹಾಕುವವರೂ ಇದ್ದಾರೆ. ಆದರೆ ಜೊತೆಗೆ ಕರಿದ ಮೀನಿನ ಸ್ಟ್ಯೂ ಇಲ್ಲದೆ ಆ ಊಟ ಸಾಗದು. ಕಾಳಿನ ಸಪ್ಪೆ ಸಿಹಿಗೆ ಕಣ್ಣಲ್ಲಿ ನೀರು ತರಿಸುವ ಕೆಂಪು ಖಾರವೇ ಜೋಡಿ.

ಈ ಕೇರಿ ಕಟ್ಟಿದವರು 'ಅಗುಡಾ'ಗಳು. ಇವರ ಹಿರಿಯರಲ್ಲಿ ಅನೇಕರು ಗುಲಾಮರಾಗಿ ಹಡಗೇರಿ ಬ್ರೆಜಿಲ್‌ನ ಬಹಿಯಾ ಸೇರಿದ್ದ ಯೊರುಬಾ ಜನ. 1835ರಲ್ಲಿ ಬಹಿಯಾದ ಸಾಲ್ವಡಾರ್ ನಗರದಲ್ಲಿ ಮುಸ್ಲಿಂ ಗುಲಾಮರು ದಂಗೆ ಎದ್ದರು. ದಂಗೆ ಅಡಗಿದ ಮೇಲೆ ಆಫ್ರಿಕನ್ನರ ಮೇಲೆ ಕಣ್ಗಾವಲು ಬಿಗಿಯಾಯಿತು. ಕೆಲವರನ್ನು ಗಡೀಪಾರು ಮಾಡಿದರು, ಬಿಡುಗಡೆ ಪಡೆದಿದ್ದ ಇನ್ನೂ ಹಲವರು ತಾವಾಗಿಯೇ ಹಡಗು ಹತ್ತಿ ಹಿಂದಿರುಗಿದರು. 1888ರಲ್ಲಿ ಬ್ರೆಜಿಲ್ ಗುಲಾಮಗಿರಿಯನ್ನು ರದ್ದು ಮಾಡಿದ ನಂತರವೂ ಕೆಲವರು ಬಂದರು. ಗಾರೆ ಕೆಲಸ, ಬಡಗಿತನ, ಹೊಲಿಗೆಯ ಜೊತೆಗೆ ಅವರು ತಂದದ್ದು ಕ್ಯಾಥೊಲಿಕ್ ಪಂಚಾಂಗ ಮತ್ತು ಅದರ ಮಾಂಸವಿಲ್ಲದ ದಿನಗಳು. ಲೇಗೋಸ್‌ನಲ್ಲಿ ಮೀನಿಗೆ ಮೊದಲೇ ಕೊರತೆಯಿರಲಿಲ್ಲ. ಈಗ ಅದಕ್ಕೊಂದು ಹಬ್ಬದ ದಿನವೂ ಸಿಕ್ಕಿತು.

ಖಾರದ ಕಥೆ ಇನ್ನೂ ಹಿಂದಿನದು. ಮೆಣಸಿನಕಾಯಿ ಅಮೆರಿಕದಿಂದ ಬರುವ ಮುನ್ನ ಪಶ್ಚಿಮ ಆಫ್ರಿಕದವರು ಸಪ್ಪೆ ಉಣ್ಣುತ್ತಿರಲಿಲ್ಲ. ಅವರ ಕಾಡಿನಲ್ಲೇ ಬಾಯಿ ಚುರುಗುಡಿಸುವ ಎರಡು ಸರಕುಗಳಿದ್ದವು: ಏಲಕ್ಕಿಯ ಬಳಗದ ಮೆಲೆಗೆಟಾ ಬೀಜ, ನಮ್ಮ ಕಾಳುಮೆಣಸಿನ ದಾಯಾದಿಯಾದ ಉಜೀಜಾ. 1480ರ ದಶಕದಲ್ಲಿ ಪೋರ್ಚುಗೀಸರು ಬೆನಿನ್ ರಾಜ್ಯದಿಂದ ಈ ಎರಡನೆಯದನ್ನು ಯುರೋಪಿಗೆ ಒಯ್ದರು. 1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆ ಮುಟ್ಟಿದ ಮೇಲೆ ಲೆಕ್ಕ ಬದಲಾಯಿತು. ಭಾರತದ ಮೆಣಸಿನ ಬೆಲೆ ಬೀಳಬಾರದೆಂದು ಪೋರ್ಚುಗಲ್‌ನ ಅರಸ ಬೆನಿನ್ ಮೆಣಸಿನ ವ್ಯಾಪಾರವನ್ನೇ ನಿಲ್ಲಿಸಿದ. ಮುಂದೆ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು 'ಮೆಣಸಿನ ರಾಣಿ' ಎಂದು ಕರೆದದ್ದು ಇದೇ ಪೋರ್ಚುಗೀಸರು. ನಮ್ಮ ಘಟ್ಟದ ಬಳ್ಳಿಗೆ ಬಂದ ಭಾಗ್ಯ ಬೆನಿನ್‌ನ ಬಳ್ಳಿಗೆ ಕುತ್ತಾಯಿತು.

ಅದೇ ಹಡಗುಗಳ ಓಡಾಟದಲ್ಲಿ ಮೆಣಸಿನಕಾಯಿ ಆಫ್ರಿಕದ ಕರಾವಳಿಗೂ ಇಳಿಯಿತು, ಗೋವೆಗೂ ಇಳಿಯಿತು. ಇಂದು ಲೇಗೋಸ್‌ನ ಅಡುಗೆಗೆ ಒಂದೇ ಬಗೆಯ ಕಾಯಿ ಸಾಲದು. ಬಣ್ಣಕ್ಕೆ, ಮೈಗೆ 'ಟಟಾಶೆ'. ನಡುವಿನ ಖಾರಕ್ಕೆ ಉದ್ದನೆಯ 'ಶೊಂಬೊ'. ನಿಜವಾದ ಉರಿಗೆ ಗುಂಡನೆಯ, ಘಮ್ಮೆನ್ನುವ 'ರೊಡೊ'. ಬ್ಯಾಡಗಿಯನ್ನು ಬಣ್ಣಕ್ಕೆ, ಗುಂಟೂರನ್ನು ಖಾರಕ್ಕೆ ಬೆರೆಸುವವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಮೀನನ್ನು ಉಪ್ಪು ಸವರಿ ಮೊದಲೇ ಗಟ್ಟಿಯಾಗಿ ಕರಿದುಬಿಡುತ್ತಾರೆ. ರುಚಿಯೊಂದೇ ಕಾರಣವಲ್ಲ. ಮಂಜುಗಡ್ಡೆಯಿಲ್ಲದ ಕಾಲದಲ್ಲಿ ಆ ಸೆಕೆಯಲ್ಲಿ ಮೀನು ಉಳಿಯಬೇಕಾದರೆ ಹೊಗೆಗೆ ಕಟ್ಟಬೇಕಿತ್ತು, ಇಲ್ಲವೇ ಎಣ್ಣೆಗೆ ಬಿಡಬೇಕಿತ್ತು. ಕರಿದ ತುಂಡು ಕುದಿಯುವ ಪಾತ್ರೆಯಲ್ಲಿ ಒಡೆಯುವುದೂ ಇಲ್ಲ. ಹಳೆಯ ಎಣ್ಣೆ ತಾಳೆಯದು. 1912ರ ಹೊತ್ತಿಗೆ ಲೇಗೋಸ್‌ನಿಂದ ಉತ್ತರದ ಕಾನೊವರೆಗೆ ರೈಲು ಓಡಿತು, ಕಾನೊದ ಶೇಂಗಾ ಮೂಟೆಗಳು ಪಿರಮಿಡ್ಡುಗಳಂತೆ ಏರಿದವು, ಶೇಂಗಾ ಎಣ್ಣೆಯೂ ಬಾಣಲೆಗೆ ಬಂತು. ಸ್ಟ್ಯೂವಿನ ಹದ ಇರುವುದು ತಾಳ್ಮೆಯಲ್ಲಿ. ರುಬ್ಬಿದ ಮೆಣಸಿನಕಾಯಿ, ಟೊಮ್ಯಾಟೊ, ಈರುಳ್ಳಿಯ ನೀರು ಇಂಗುವವರೆಗೆ ಕುದಿಸಬೇಕು, ಆಮೇಲೆ ಹುಳಿ ಸಾಯುವಂತೆ ಎಣ್ಣೆಯಲ್ಲಿ ಹುರಿಯಬೇಕು. ಎಣ್ಣೆ ಬಿಟ್ಟುಕೊಂಡು ಮೇಲೆ ತೇಲಿದಾಗಲೇ ಮೀನಿಗೆ ಒಳಗೆ ಪ್ರವೇಶ.

ಇಪ್ಪತ್ತನೆಯ ಶತಮಾನ ಈ ಪಾತ್ರೆಗೆ ಡಬ್ಬಿ, ಪೊಟ್ಟಣಗಳನ್ನು ಸುರಿಯಿತು. ಬ್ರಿಟಿಷರು ಭಾರತದ ಮಸಾಲೆಗಳಿಂದ ಕಟ್ಟಿಕೊಂಡಿದ್ದ ಕರಿ ಪೌಡರ್ ವಸಾಹತಿನ ಮೂಲಕ ಬಂದು ಅಲ್ಲೇ ಬೇರೂರಿತು. ಈಗ ಕರಿ ಪೌಡರ್, ಒಣ ಥೈಮ್ ಸೊಪ್ಪು ಇಲ್ಲದ ಸ್ಟ್ಯೂ ಅಪರೂಪ. ಹುದುಗು ಬರಿಸಿದ 'ಇರು' ಕಾಳು ಕೊಡುತ್ತಿದ್ದ ರುಚಿಯ ಜಾಗವನ್ನು ಎಷ್ಟೋ ಮನೆಗಳಲ್ಲಿ ಮ್ಯಾಗಿ ಕ್ಯೂಬು ಹಿಡಿದಿದೆ; ಇದನ್ನು ಲಾಭವೆನ್ನುವುದು ಕಷ್ಟ. ಇಟಲಿಯ 'ಡೆ ರಿಕಾ' ಟೊಮ್ಯಾಟೊ ಪೇಸ್ಟಿನ ಖಾಲಿ ಡಬ್ಬಿಯಂತೂ ಸಂತೆಯ ಅಳತೆಪಾತ್ರೆಯಾಗಿ, ಅಕ್ಕಿ ಕಾಳುಗಳನ್ನು 'ಡೆರಿಕಾ' ಲೆಕ್ಕದಲ್ಲೇ ಅಳೆಯುವ ರೂಢಿ ಬಂತು. ಮೀನೂ ಬದಲಾಯಿತು. ಹೆಪ್ಪುಗಟ್ಟಿಸಿ ದೂರದ ಕಡಲುಗಳಿಂದ ತರಿಸುವ, ಬಂಗುಡೆಯ ಬಳಗದ 'ಟೈಟಸ್' ಈಗ ಎಲ್ಲೆಡೆ ಸಿಗುತ್ತದೆ.

ಟೊಮ್ಯಾಟೊ ನಿತ್ಯದ ಅಡುಗೆಯಲ್ಲಿ ಇಷ್ಟು ಜಾಗ ಹಿಡಿದದ್ದು ತಡವಾಗಿ. 1970ರ ದಶಕದಲ್ಲಿ ಟಿಗಾ ಅಣೆಕಟ್ಟಿನ ನೀರು ಕಾನೊ ಸೀಮೆಯ ಹೊಲಗಳಿಗೆ ಹರಿಯಿತು. ಅಂಥ ಉತ್ತರದ ಹೊಲಗಳಿಂದ ಹೆಣೆದ ಬುಟ್ಟಿಗಳಲ್ಲಿ ತುಂಬಿದ ಹಣ್ಣು ಲಾರಿ ಏರಿ, ಸುಮಾರು 1,000 ಕಿಲೋಮೀಟರ್ ದಾಟಿ ಲೇಗೋಸ್‌ನ 'ಮೈಲ್ 12' ಮಾರುಕಟ್ಟೆ ಸೇರುತ್ತದೆ. ಈ ನಂಟು ಎಷ್ಟು ನಾಜೂಕು ಎಂಬುದು 2016ರಲ್ಲಿ ಬಯಲಾಯಿತು. ಟೊಮ್ಯಾಟೊದಂತೆಯೇ ದಕ್ಷಿಣ ಅಮೆರಿಕ ಮೂಲದ 'ಟೂಟಾ ಅಬ್ಸಲೂಟಾ' ಪತಂಗ ಬೆಳೆಯನ್ನು ನುಂಗಿತು. ಕಡುನಾ ರಾಜ್ಯ ತುರ್ತುಸ್ಥಿತಿ ಸಾರಿತು. ಅದೇ ವರ್ಷ ಬಾಗಿಲು ತೆರೆದಿದ್ದ ದಾಂಗೋಟೆ ಕಂಪನಿಯ ಪೇಸ್ಟ್ ಕಾರ್ಖಾನೆ ಹಣ್ಣಿಲ್ಲದೆ ನಿಂತಿತು. ಭಾರತದಲ್ಲಿ 2014ರಲ್ಲಿ ಮೊದಲು ಕಂಡ ಈ ಹುಳು ಕರ್ನಾಟಕದ ಟೊಮ್ಯಾಟೊ ಬೆಳೆಗಾರರನ್ನೂ ಬಿಟ್ಟಿಲ್ಲ.

ಹಾಗೆಂದು ಟೊಮ್ಯಾಟೊ ಹೋದರೆ ಸ್ಟ್ಯೂವೇ ಹೋಯಿತೆಂದಲ್ಲ. ಯೊರುಬಾ ಜನ ಒಫಾಡಾ ಅಕ್ಕಿಯ ಅನ್ನಕ್ಕೆ ಕಲಸಿಕೊಳ್ಳುವ 'ಅಯಮಾಸೆ'ಗೆ ಟೊಮ್ಯಾಟೊ ಹಾಕುವುದಿಲ್ಲ. ಹಸಿರು ಮೆಣಸಿನಕಾಯಿ, ಈರುಳ್ಳಿ, ಕಾಯಿಸಿ ಬಣ್ಣ ಇಳಿಸಿದ ತಾಳೆ ಎಣ್ಣೆಯಲ್ಲೇ ಅದು ಮುಗಿಯುತ್ತದೆ.