ಫಾಲ್ಸ್ ಸೀಲಿಂಗ್, ಮನೆಗಳಲ್ಲಿ
ಮೂಲ ಸ್ಲ್ಯಾಬಿನ ಕೆಳಗೆ ಲೋಹದ ಚೌಕಟ್ಟಿನಿಂದ ತೂಗುಬಿಡುವ ಎರಡನೆಯ ಚಾವಣಿ. ಆನೇಕಲ್ ತಾಲ್ಲೂಕಿನ ಚಂದಾಪುರದಂಥ ಅಪಾರ್ಟ್‌ಮೆಂಟ್ ಊರುಗಳಲ್ಲಿ ಈಗ ಮಾಮೂಲು. ಆಯ್ಕೆಯಲ್ಲಿ ಮೊದಲು ನೋಡಬೇಕಾದದ್ದು ಡಿಸೈನ್ ಅಲ್ಲ, ಎತ್ತರ. ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ ಕನಿಷ್ಠ 2.75 ಮೀಟರ್, ಹವಾನಿಯಂತ್ರಿತವಾದರೆ 2.4 ಮೀಟರ್ ಎನ್ನುತ್ತದೆ. ಹತ್ತಡಿ ಎತ್ತರದ ಹಾಲ್‌ನಲ್ಲಿ ಒಂದಡಿ ಇಳಿಸಿದರೆ ಮೊದಲ ಮಿತಿ ಮುಟ್ಟಿದಂತೆಯೇ. ಹಾಗಾಗಿ ಗೋಡೆಯಂಚಿಗಷ್ಟೇ ಪಟ್ಟಿ ಕಟ್ಟಿಸುವುದು ಜಾಣತನ. ಹಾಲ್‌ಗೆ 12.5 ಮಿ.ಮೀ. ಜಿಪ್ಸಮ್ ಬೋರ್ಡ್ ಸಾಕು, ಆದರೆ ಮೇಲ್ಮನೆಯ ಪೈಪು ಸೋರಿದರೆ ಕಲೆಗಟ್ಟಿ ಜೋತುಬೀಳುತ್ತದೆ. ಬಚ್ಚಲಿಗೆ ಪಿವಿಸಿ ಅಥವಾ ಕ್ಯಾಲ್ಸಿಯಂ ಸಿಲಿಕೇಟ್ ಹಲಗೆ ಮೇಲು. ಪೈಪಿನ ರಿಪೇರಿಗೆ ತೆರೆಯುವ ಮುಚ್ಚಳ ಬೇಕೇ ಬೇಕು. ಪಿಓಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ನಯವಾಗಿ ಕೂರುತ್ತದೆ, ಆದರೆ ಕೆಲಸದ ವೇಳೆ ಧೂಳೂ ಅಷ್ಟೇ ಏಳುತ್ತದೆ. ಫ್ಯಾನಿನ ಕೊಕ್ಕೆ ಬೋರ್ಡಿಗಲ್ಲ, ಸ್ಲ್ಯಾಬಿಗೇ ಬಿಗಿದಿರಬೇಕು.