ಕುಡಿತದ ಮನೆಯ ಹರಕೆ

ಚಿಂಚಲಿಯ ಮಾಯಕ್ಕ, ಸವದತ್ತಿಯ ಯಲ್ಲಮ್ಮ, ನರಸೋಬಾವಾಡಿಯ ದತ್ತ, ಇವರಿಗೆ ಹೊರುವ ಹರಕೆಗಳಲ್ಲಿ ಮಕ್ಕಳಾಗಲಿ, ಬೆಳೆ ಬರಲಿ ಎಂಬುದರ ಜೊತೆಗೆ ಇನ್ನೊಂದು ಇದ್ದೇ ಇರುತ್ತದೆ: ‘ನಮ್ಮವರು ಕುಡಿಯೋದು ಬಿಡಲಿ.’ ಕುಡಿಯುವವನು ಗಂಡ, ವಾರ ಹಿಡಿಯುವವಳು ಹೆಂಡತಿ. ಮಂಗಳವಾರವೋ ಗುರುವಾರವೋ ಒಪ್ಪತ್ತು ಇದ್ದು, ಸಂಜೆ ದೀಪ ಹಚ್ಚಿ, ಅವನು ಬರುವ ಹೊತ್ತಿಗೆ ಮಕ್ಕಳನ್ನು ನೆರೆಮನೆಗೆ ಕಳಿಸಿ ಕೂರುತ್ತಾಳೆ. ಇದನ್ನು ಭಕ್ತಿ ಎನ್ನಬಹುದು, ಮುಂಜಾಗ್ರತೆ ಎನ್ನಬಹುದು. ಮನಶ್ಶಾಸ್ತ್ರಜ್ಞರು ಇದನ್ನು ಧರ್ಮದ ಮೂಲಕ ಸಂಕಟ ನಿಭಾಯಿಸುವ ಬಗೆ ಎಂದು ಕರೆದು, ಕಳೆದ ನಾಲ್ಕು ದಶಕಗಳಿಂದ ಅಳೆಯುತ್ತಾ ಬಂದಿದ್ದಾರೆ. ಹಾಗೆ ಅಳೆಯುವಾಗ ಈ ಹೆಂಗಸು ಎಷ್ಟು ತಡವಾಗಿ ಅವರ ಕಣ್ಣಿಗೆ ಬಿದ್ದಳು ಎಂಬುದೇ ಈ ಕ್ಷೇತ್ರದ ಇತಿಹಾಸದಲ್ಲಿ ನನಗೆ ಮುಖ್ಯವಾಗಿ ಕಾಣುವುದು.

ಮಾದಕ ವಸ್ತುವಿನ ಹಿಂಸೆ ಎಂದರೆ ಜಗತ್ತಿಗೆ ನೆನಪಾಗುವುದು ಮೆಕ್ಸಿಕೊ, ರಿಯೊ, ಮನಿಲಾ. ಕರ್ನಾಟಕ–ಮಹಾರಾಷ್ಟ್ರದ ನಮ್ಮ ಗಡಿಯೂ ಅದರಿಂದ ಪೂರ್ತಿ ಹೊರತಲ್ಲ. 2024ರ ಫೆಬ್ರುವರಿಯಲ್ಲಿ ಪುಣೆ ಪೊಲೀಸರು ಮೆಫೆಡ್ರೋನ್ ಜಾಲದ ಬೆನ್ನು ಹತ್ತಿದಾಗ ಸಾಂಗಲಿ ಬಳಿಯ ಕುಪವಾಡದಲ್ಲೂ ದಾಸ್ತಾನು ಸಿಕ್ಕಿತು. ಅಲ್ಲಿಂದ ಮಿರಜ, ಮಿರಜದಿಂದ ಕಾಗವಾಡ ದೂರವೇನಲ್ಲ. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಸೀಮೆಯ ಮನೆಗಳಲ್ಲಿ ಕೈ ಎತ್ತಿಸುವ ಮಾದಕ ವಸ್ತು ದಾರೂ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ ಕರ್ನಾಟಕದ ಮಹಿಳೆಯರು ಶೇ 44.4, ಅದರ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 20.6 ಇತ್ತು. ದೇಶದ ಮಟ್ಟದಲ್ಲಿ, ಗಂಡ ಪದೇ ಪದೇ ಅಮಲೇರಿಸಿಕೊಂಡು ಬರುವ ಮನೆಗಳಲ್ಲಿ ಸುಮಾರು ಶೇ 70ರಷ್ಟು ಹೆಂಗಸರು ಹಿಂಸೆ ಕಂಡಿದ್ದರೆ, ಗಂಡ ಕುಡಿಯದ ಮನೆಗಳಲ್ಲಿ ಈ ಪ್ರಮಾಣ ಶೇ 23ರ ಆಸುಪಾಸು. ಅರ್ಥಶಾಸ್ತ್ರಜ್ಞ ವಿಜಯೇಂದ್ರ ರಾವ್ ಕರ್ನಾಟಕದ ಹಳ್ಳಿಗಳ ಕುಂಬಾರ ಕುಟುಂಬಗಳ ನಡುವೆ ಅಧ್ಯಯನ ನಡೆಸಿ 1997ರಲ್ಲಿ ಪ್ರಕಟಿಸಿದ ಲೇಖನವೂ ವರದಕ್ಷಿಣೆಯ ಜೊತೆಗೆ ಕುಡಿತದತ್ತಲೇ ಬೆರಳು ಮಾಡಿತ್ತು.

ಸಂಶೋಧನೆಗೂ ಮೊದಲೇ ಧರ್ಮ ಈ ಕೆಲಸಕ್ಕೆ ಕೈ ಹಾಕಿತ್ತು. ಈ ಸೀಮೆಯಲ್ಲಿ ದಟ್ಟವಾಗಿರುವ ದಿಗಂಬರ ಜೈನರಿಗೆ ಮದ್ಯತ್ಯಾಗ ಶ್ರಾವಕನ ಮೂಲಗುಣಗಳಲ್ಲಿ ಒಂದು. ಪಂಢರಪುರದ ಹಾದಿ ಹಿಡಿದವರಿಗೆ ತುಳಸಿ ಮಾಳ. ಮಾಳ ಹಾಕಿಕೊಂಡವನನ್ನು ಊರು ‘ಮಾಳಕರಿ’ ಎಂದು ಗುರುತಿಸುತ್ತದೆ. ಅವನು ಮಾಂಸ ಮುಟ್ಟುವಂತಿಲ್ಲ, ದಾರೂ ಮುಟ್ಟುವಂತಿಲ್ಲ. ಕಾನೂನೂ ಬಂದು ಹೋಗಿದೆ. 1956ರವರೆಗೆ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿದ್ದುದರಿಂದ 1949ರ ಮುಂಬಯಿ ಪಾನನಿಷೇಧ ಕಾಯ್ದೆ ಇಲ್ಲಿಗೂ ಅನ್ವಯಿಸುತ್ತಿತ್ತು. ಆ ಕಾಯ್ದೆಯ ಹಿಂದಿದ್ದ ಗಾಂಧಿಯವರ ವಾದದಲ್ಲಿ ನೀತಿಯ ಮಾತು ಹೆಚ್ಚು, ಮನೆಯೊಳಗಿನ ಏಟಿನ ಮಾತು ಕಡಿಮೆ.

ವ್ಯವಸ್ಥಿತ ಚಿಂತನೆ ಶುರುವಾದದ್ದು ಅಮೆರಿಕದಲ್ಲಿ. 1935ರಲ್ಲಿ ಓಹಾಯೊದ ಆಕ್ರನ್‌ನಲ್ಲಿ ಒಬ್ಬ ಷೇರು ದಲ್ಲಾಳಿ ಮತ್ತು ಒಬ್ಬ ಶಸ್ತ್ರವೈದ್ಯ, ಇಬ್ಬರೂ ಕುಡುಕರು, ಸೇರಿ ಕಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕ್ರೈಸ್ತ ಭಕ್ತಿಯಿಂದಲೇ ಹುಟ್ಟಿತು. ಆದರೆ ಅವರವರು ನಂಬಿದ ದೇವರಿಗೆ ಅದು ಬಾಗಿಲು ತೆರೆದಿಟ್ಟಿತು. ಆ ಸಭೆಗಳಿಗೆ ಗಂಡಂದಿರನ್ನು ಕರೆತಂದು ಹೊರಗೆ ಕಾಯುತ್ತಿದ್ದ ಹೆಂಡಿರಿಗಾಗಿ ಆ ಷೇರು ದಲ್ಲಾಳಿಯ ಹೆಂಡತಿ ಲೋಯಿಸ್ ವಿಲ್ಸನ್ ಮತ್ತು ಗೆಳತಿಯರು ಅಲ್-ಅನಾನ್ ಕಟ್ಟುವ ಹೊತ್ತಿಗೆ 1951 ಆಗಿತ್ತು. ಹದಿನಾರು ವರ್ಷದ ಅಂತರ. ಸಂಶೋಧನೆಯಲ್ಲಿ ಈ ಅಂತರ ಇನ್ನೂ ದೊಡ್ಡದು.

ಮನಶ್ಶಾಸ್ತ್ರಜ್ಞರಾದ ಲಜಾರಸ್ ಮತ್ತು ಫೋಕ್‌ಮನ್ 1984ರಲ್ಲಿ ಸಂಕಟ ನಿಭಾವಣೆಯ ಸಿದ್ಧಾಂತ ಕೊಟ್ಟರು. ಅದನ್ನು ಧರ್ಮಕ್ಕೆ ಒಗ್ಗಿಸಿದವರು ಕೆನೆತ್ ಪಾರ್ಗಮೆಂಟ್. ಎಲ್ಲವನ್ನೂ ದೇವರ ಮೇಲೆ ಹಾಕುವವರು, ದೇವರನ್ನು ಬದಿಗಿಟ್ಟು ತಾವೇ ಮಾಡುವವರು, ದೇವರ ಜೊತೆಗೂಡಿ ಮಾಡುವವರು ಎಂದು 1988ರಲ್ಲಿ ಅವರು ಮತ್ತು ಸಂಗಡಿಗರು ಮೂರು ಬಗೆ ಗುರುತಿಸಿದರು. 1997ರ ಅವರ ದೊಡ್ಡ ಗ್ರಂಥ ಮತ್ತು 2000ದ ಮಾಪನದ ನಂತರ ‘ಒಳ್ಳೆಯ’ ಹಾಗೂ ‘ಕೆಟ್ಟ’ ಧಾರ್ಮಿಕ ನಿಭಾವಣೆ ಎಂಬ ವಿಂಗಡಣೆ ರೂಢಿಗೆ ಬಂತು. ದೇವರು ನನ್ನ ಜೊತೆಗಿದ್ದಾನೆ ಎಂದುಕೊಂಡರೆ ಒಳ್ಳೆಯದು; ದೇವರು ನನ್ನನ್ನು ಶಿಕ್ಷಿಸುತ್ತಿದ್ದಾನೆ, ಕೈಬಿಟ್ಟಿದ್ದಾನೆ ಎಂದುಕೊಂಡರೆ ಕೆಟ್ಟದ್ದು. ಹದಿನಾಲ್ಕು ಪ್ರಶ್ನೆಗಳ ಅದರ ಚಿಕ್ಕ ರೂಪ ಜಗತ್ತಿನ ತುಂಬ ಓಡಾಡಿದೆ.

ಈ ಅಳತೆಗೋಲಿನ ಬಗ್ಗೆ ನನಗೆ ತಕರಾರಿದೆ. ‘ನನ್ನ ಹಣೆಬರ, ಹಿಂದಿನ ಜನ್ಮದ್ದು’ ಎನ್ನುವ ಹೆಂಗಸಿಗೆ ಅದು ಕೆಟ್ಟ ಅಂಕ ಕೊಡುತ್ತದೆ. ಅದೇ ಹೆಂಗಸು ಮರುದಿನ ಸ್ವಸಹಾಯ ಸಂಘದ ಸಾಲ ತಂದು ಮಗಳ ಶಾಲೆಯ ಫೀ ಕಟ್ಟಿರುತ್ತಾಳೆ, ಗಂಡನ ಕೈಗೆ ಸಿಗದಂತೆ ರೊಕ್ಕವನ್ನು ಜೋಳದ ಡಬ್ಬಿಯಲ್ಲಿ ಇಟ್ಟಿರುತ್ತಾಳೆ. ಕರ್ಮದ ಮಾತು ಅವಳಿಗೆ ಕೈಚೆಲ್ಲುವ ಮಾತಲ್ಲ. ಏಟು ಬಿದ್ದದ್ದು ತನ್ನ ತಪ್ಪಿಗಲ್ಲ ಎಂದು ಹೇಳಿಕೊಳ್ಳಲು ಅವಳಿಗಿರುವ ದಾರಿಯೂ ಹೌದು. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಅಳತೆಗೋಲು ಕೇಳುವುದೆಲ್ಲ ಒಬ್ಬರ ಮನಸ್ಸು ಮತ್ತು ಅವರ ದೇವರ ನಡುವಿನ ಸಂಗತಿ. ನಮ್ಮಲ್ಲಿ ಹರಕೆಗೆ ಸಾಕ್ಷಿಗಳಿರುತ್ತಾರೆ.

ನಂಬಿಕೆ ಹೀಗೆ ನೋಡುವವರ ಎದುರು ಕೆಲಸ ಮಾಡುವುದನ್ನು ಮಾನವಶಾಸ್ತ್ರಜ್ಞರು ಮೊದಲೇ ಕಂಡಿದ್ದರು. ಮೈಮೇಲೆ ದೇವರು ಬರುವುದು ಅಧಿಕಾರವಿಲ್ಲದವರು, ಹೆಚ್ಚಾಗಿ ಹೆಂಗಸರು, ಮನೆಯ ಯಜಮಾನನಿಗೆ ಮಾತು ಕೇಳಿಸುವ ಉಪಾಯವೂ ಹೌದು ಎಂದು ಐ.ಎಂ. ಲೂಯಿಸ್ 1971ರಲ್ಲಿ ಬರೆದರು. ಶ್ರೀಲಂಕಾದ ಕತರಗಾಮದಲ್ಲಿ ಜಟೆ ಬಿಟ್ಟ ಭಕ್ತೆಯರ ಬದುಕನ್ನು ಗಣನಾಥ ಒಬೇಸೇಕರ 1981ರ ‘ಮೆಡೂಸಾಸ್ ಹೇರ್’ ಕೃತಿಯಲ್ಲಿ ತೆರೆದಿಟ್ಟರು: ಜಟೆ ಬಂದ ಮೇಲೆ ಹೆಂಗಸು ಗಂಡನ ಹಾಸಿಗೆಯಿಂದ ದೂರ ಸರಿಯುತ್ತಾಳೆ, ಯಾರೂ ಆಕ್ಷೇಪಿಸುವಂತಿಲ್ಲ. ಯಲ್ಲಮ್ಮನ ಜಡೆ ಕಂಡ ನಮ್ಮ ಓದುಗರಿಗೆ ಇದು ಹೊಸದೇನಲ್ಲ. ಅದೇ ಜಡೆಯ ನೆಪದಲ್ಲಿ ಹುಡುಗಿಯರನ್ನು ದೇವದಾಸಿ ಬಿಟ್ಟದ್ದೂ ಇದೇ ನಾಡು. ಅದನ್ನು ತಡೆಯಲು 1982ರಲ್ಲಿ ಕಾಯ್ದೆ ಬರಬೇಕಾಯಿತು. ನಂಬಿಕೆ ಕೊಟ್ಟ ಬಿಡುಗಡೆಯ ಬೆಲೆಯನ್ನು ಕೆಲವೊಮ್ಮೆ ಮುಂದಿನ ತಲೆಮಾರು ತೆತ್ತಿದೆ.

ಭಾರತದ ಮನೋವೈದ್ಯರು ದೇವಸ್ಥಾನದೊಳಗೆ ನೋಟ್‌ಬುಕ್ ಹಿಡಿದು ಹೋದದ್ದು ಇನ್ನೂ ಈಚೆಗೆ. ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಮುತ್ತುಸ್ವಾಮಿ ದೇಗುಲದಲ್ಲಿ ತಂಗಿದ್ದ 31 ಮಾನಸಿಕ ರೋಗಿಗಳನ್ನು ಗಮನಿಸಿ 2002ರಲ್ಲಿ ವರದಿ ಪ್ರಕಟಿಸಿದರು. ಔಷಧವಿಲ್ಲದೆಯೂ ರೋಗಲಕ್ಷಣ ಸುಮಾರು ಐದನೆಯ ಒಂದು ಪಾಲು ಇಳಿದಿತ್ತು. ವಿಶೇಷ ಪೂಜೆಗಿಂತ ಆ ಜಾಗದ ಆಸರೆಯೇ ಕಾರಣ ಎಂಬುದು ಅವರ ಊಹೆ. ಅದರ ಹಿಂದಿನ ವರ್ಷವಷ್ಟೇ, 2001ರ ಆಗಸ್ಟ್ 6ರಂದು, ತಮಿಳುನಾಡಿನದೇ ಏರ್ವಾಡಿ ದರ್ಗಾ ಬಳಿಯ ಆಶ್ರಯಮನೆಯಲ್ಲಿ ಸರಪಳಿಯಲ್ಲಿದ್ದ 28 ರೋಗಿಗಳು ಬೆಂಕಿಗೆ ಬಲಿಯಾಗಿದ್ದರು. ಈ ಎರಡನ್ನೂ ಒಟ್ಟಿಗೆ ಓದಬೇಕು.

ಕುಡಿತದ ವಿಷಯದಲ್ಲಿ ಕನ್ನಡ ನಾಡಿನ ನಿಜವಾದ ಪ್ರಯೋಗಗಳು ನಡೆದದ್ದು ಆಸ್ಪತ್ರೆಯ ಹೊರಗೆ. ಇಳಕಲ್ಲಿನ ಮಹಾಂತ ಸ್ವಾಮೀಜಿ 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ಕಾಳು, ಕಾಸು ಬೇಡ. ನಿಮ್ಮ ಚಟ ಹಾಕಿ ಎಂದರು. ಕೇರಿಕೇರಿಯಲ್ಲಿ ಜನ ಬೀಡಿಕಟ್ಟು, ತಂಬಾಕು, ಸಾರಾಯಿ ತಂದು ಆ ಜೋಳಿಗೆಗೆ ಹಾಕಿದರು. ಸ್ವಾಮೀಜಿ 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಇಲ್ಲಿ ಬಿಡುವವನು ತನ್ನ ಕೈಯಿಂದಲೇ, ಊರವರ ಎದುರೇ ಬಿಡಬೇಕು. ಹೆಂಡತಿಯ ಉಪವಾಸಕ್ಕೂ ಇದಕ್ಕೂ ಇರುವ ಅಂತರ ಅದೇ.

ಧರ್ಮಸ್ಥಳದ ಮದ್ಯವರ್ಜನ ಶಿಬಿರಗಳು ಇದನ್ನೇ ಒಂದು ಪದ್ಧತಿಯಾಗಿ ಬೆಳೆಸಿದವು. ಊರಿನ ಸಮಿತಿಯೂ ಖರ್ಚು ಹೊಂದಿಸಬೇಕು. ಕಲ್ಯಾಣ ಮಂಟಪವೋ ಸಮುದಾಯ ಭವನವೋ ಹಿಡಿದು ಸುಮಾರು ಎಂಟು ದಿನ ಯೋಗ, ಭಜನೆ, ಗುಂಪು ಮಾತುಕತೆ. ಒಂದು ದಿನ ಮನೆಯವರು ಬರುತ್ತಾರೆ. ಇಷ್ಟು ವರ್ಷ ಬಾಗಿಲ ಹಿಂದೆ ನಡೆದದ್ದೆಲ್ಲ ಅವತ್ತು ಹತ್ತು ಮಂದಿಯ ಮುಂದೆ ಬರುತ್ತದೆ. ಅಳುವವರಲ್ಲಿ ಗಂಡಸರೂ ಇರುತ್ತಾರೆ. ಆಮೇಲೆ ಊರಲ್ಲಿ ನವಜೀವನ ಸಮಿತಿ, ನೂರು ದಿನ ದಾಟಿದವರಿಗೆ ಶತದಿನೋತ್ಸವ. ಮಂಜುನಾಥನ ಆಣೆಗೆ ಹೆದರುವ ನಾಡಿನಲ್ಲಿ ದೇವರು ಸಮಾಧಾನ ಹೇಳುವವನಷ್ಟೇ ಅಲ್ಲ, ಜಾಮೀನುದಾರನೂ ಹೌದು. 2019ರ ಏಮ್ಸ್ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ಸಿಕ್ಕಿರುವ ದೇಶದಲ್ಲಿ, ಇಂಥ ಶಿಬಿರಗಳನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸೋಮಾರಿತನ. ಹಾಗೆಂದು ಎಂಟು ದಿನದಲ್ಲಿ ಚಟ ಬಿಡುತ್ತದೆ ಎಂದು ಲೆಕ್ಕ ಹಾಕುವುದೂ ಅಷ್ಟೇ ತಪ್ಪು. ಮಾಳವನ್ನು ದೇವರ ಜಗಲಿಯ ಮೇಲಿಟ್ಟು ಅಂಗಡಿಗೆ ಹೋಗಿಬರುವವರ ಬಗ್ಗೆ ಗಡಿಸೀಮೆಯಲ್ಲಿ ನಗೆಮಾತುಗಳಿಗೇನೂ ಬರವಿಲ್ಲ.

ಜಾಮೀನಿನ ಈ ಮಾತಿಗೆ ಪುರಾವೆ ಬಹು ದೂರದಿಂದ ಸಿಗುತ್ತದೆ. ಮಧ್ಯ ಅಮೆರಿಕದ ಗ್ಯಾಂಗುಗಳ ಬಗ್ಗೆ ಸಮಾಜಶಾಸ್ತ್ರಜ್ಞ ರಾಬರ್ಟ್ ಬ್ರೆನ್ನೆಮನ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗ್ಯಾಂಗು ಬಿಟ್ಟವನಿಗೆ ಸಾವೇ ಗತಿ ಎಂಬ ಕಟ್ಟಳೆಗೆ ಒಂದು ವಿನಾಯಿತಿ ಕಾಣುತ್ತದೆ: ಇವ್ಯಾಂಜೆಲಿಕಲ್ ಸಭೆ ಸೇರಿ ಹೊಸ ಮನುಷ್ಯನಾದರೆ ಬಿಟ್ಟುಕೊಡುತ್ತಾರೆ. ಆದರೆ ಹಳೆಯ ಸಂಗಾತಿಗಳು ಕಣ್ಣಿಟ್ಟಿರುತ್ತಾರೆ. ಅವನು ಮತ್ತೆ ಕುಡಿದರೆ, ನಟಿಸಿದ್ದಾನೆ ಎನಿಸಿದರೆ, ರಕ್ಷಣೆ ಮುಗಿಯಿತು. ನಂಬಿಕೆಯ ಬಲ ಅಲ್ಲೂ ನೋಡುವವರ ಕಣ್ಣಿನಲ್ಲಿದೆ. ಫಿಲಿಪ್ಪೀನ್ಸ್‌ನಲ್ಲಿ 2016ರ ನಂತರ ಮಾದಕ ವಸ್ತುವಿನ ಹೆಸರಿನಲ್ಲಿ ಪೊಲೀಸರೇ ಕೊಲ್ಲತೊಡಗಿದಾಗ, ಚರ್ಚುಗಳು ಗಂಟೆ ಬಾರಿಸಿ ಸತ್ತವರ ಮನೆಯವರ ಜೊತೆ ನಿಂತದ್ದು ಬೇರೆಯದೇ ಕಥೆ.

ಹೆಂಡತಿ, ತಾಯಿ ಕೊನೆಗೂ ಸಂಶೋಧನೆಯ ಕೇಂದ್ರಕ್ಕೆ ಬಂದದ್ದು ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಜಿಮ್ ಆರ್ಫರ್ಡ್ ಅವರ ಬಳಗದಿಂದ. ಮೆಕ್ಸಿಕೊ ನಗರ, ಇಂಗ್ಲೆಂಡ್, ಆಸ್ಟ್ರೇಲಿಯಾದ ಮೂಲನಿವಾಸಿಗಳ ಕುಟುಂಬಗಳನ್ನು ಮಾತಾಡಿಸಿ 2005ರಲ್ಲಿ ಅವರು ತಂದ ಪುಸ್ತಕದ ನಿಲುವು ಸರಳ: ಇವರು ರೋಗಿಗಳಲ್ಲ, ವಿಪರೀತ ಸ್ಥಿತಿಯಲ್ಲಿ ಸಿಕ್ಕ ಸಾಮಾನ್ಯ ಜನ. ಎದುರು ನಿಲ್ಲುವುದು, ಸಹಿಸುವುದು, ದೂರ ಸರಿಯುವುದು, ಈ ಮೂರರ ನಡುವೆ ಓಡಾಡುತ್ತಾರೆ. ಗೋವಾದಲ್ಲಿ ಅಭಿಜಿತ್ ನಾಡಕರ್ಣಿ ಮತ್ತು ಸಂಗಾತ್ ಸಂಸ್ಥೆ ಇದೇ ಜಾಡಿನಲ್ಲಿ ಕುಟುಂಬದವರಿಗೆ ನೆರವಾಗುವ ಪ್ರಯೋಗ ನಡೆಸಿದ್ದಾರೆ. ಪೂಜೆ, ಪ್ರಾರ್ಥನೆಯನ್ನು ಸಹಿಸುವ ಖಾನೆಗೆ ಹಾಕಿಬಿಡುವ ಚಾಳಿ ಮಾತ್ರ ಇನ್ನೂ ಹೋಗಿಲ್ಲ. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದ ಸಾವಿರಾರು ಹೆಂಗಸರಲ್ಲಿ ವಾರ ಹಿಡಿದವರಿಲ್ಲ ಎಂದು ಯಾರು ಹೇಳಬಲ್ಲರು? 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಪ್ಯಾಕೆಟ್ಟಿನ ಜಾಗಕ್ಕೆ ಬಾಟಲಿ, ಟೆಟ್ರಾಪ್ಯಾಕ್ ಬಂದವು. ಆ ಹೆಂಗಸರು ನಡೆದದ್ದು ಅದಕ್ಕೆ.

ಮುಂದಿನ ಅಧ್ಯಯನ ಎಲ್ಲಿ ನಡೆಯಬೇಕು ಎಂದರೆ ನಾನು ಕಾಗವಾಡ ತಾಲ್ಲೂಕಿನ ಜುಗೂಳವನ್ನು ತೋರಿಸುತ್ತೇನೆ. ಕೃಷ್ಣೆಯ ಆಚೆ ದಡ ಕೊಲ್ಹಾಪುರ ಜಿಲ್ಲೆಯ ಖಿದ್ರಾಪುರ. ಕನ್ನಡ, ಮರಾಠಿ, ಕಬ್ಬು, ಮಹಾಪೂರ, ಬೀಗತನ ಎರಡೂ ದಡಕ್ಕೆ ಸೇರಿದ್ದು. ಹರಕೆ ಹೊರುವ ದೇವರುಗಳೂ ಹೆಚ್ಚುಕಡಿಮೆ ಅವೇ. ಕಾನೂನು ಬೇರೆ. ಮಹಾರಾಷ್ಟ್ರದಲ್ಲಿ ‘ಉಭಿ ಬಾಟಲಿ, ಆಡವಿ ಬಾಟಲಿ’ ಮತದಾನವಿದೆ: ಊರ ಹೆಂಗಸರು ಸಹಿ ಹಾಕಿ ಮತದಾನ ಕೇಳಬಹುದು, ಅರ್ಧಕ್ಕಿಂತ ಹೆಚ್ಚು ಮಂದಿ ಅಡ್ಡ ಬಿದ್ದ ಬಾಟಲಿಯ ಚಿತ್ರಕ್ಕೆ ಓಟು ಹಾಕಿದರೆ ಅಂಗಡಿ ಮುಚ್ಚಬೇಕು. ಕರ್ನಾಟಕದ ಹೆಂಗಸರು ಗ್ರಾಮಸಭೆಗೆ ಕೊಡಿ ಎಂದು ಕೇಳುತ್ತಿರುವುದು ಇಂಥದೇ ಅಧಿಕಾರವನ್ನು. ಆ ದಡದಿಂದ ಈ ದಡಕ್ಕೆ ಮದುವೆಯಾಗಿ ಬಂದವಳು ತವರಿನಲ್ಲಿದ್ದ ಆ ಓಟನ್ನು ಅಲ್ಲೇ ಬಿಟ್ಟು ಬಂದಿರುತ್ತಾಳೆ. ಓಟು ಇದ್ದಾಗ ಅವಳು ದೇವರ ಹತ್ತಿರ ಏನು ಕೇಳುತ್ತಾಳೆ, ಇಲ್ಲದಾಗ ಏನು ಕೇಳುತ್ತಾಳೆ ಎಂಬ ಪ್ರಶ್ನೆ ಪಾರ್ಗಮೆಂಟರ ಹದಿನಾಲ್ಕರಲ್ಲಿ ಇಲ್ಲ.