ಬೆರಳ ತುದಿಗೆ ಬಂದ ದನಿ

ಹಾಡಿನ ದನಿ ಮೆಲ್ಲನೆ ಏರಿ ಇಳಿಯುವುದನ್ನು ನೀವು ಗಮನಿಸಿರಬೇಕು. ಅದರ ಹಿಂದೆ ಜಾರುವ ಪುಟ್ಟ ಗುಂಡಿಯೊಂದಿದೆ. ಅದೇ ಫೇಡರ್.

1950ರ ದಶಕದ ಧ್ವನಿಮುದ್ರಣ ಮೇಜುಗಳಲ್ಲಿ ಹೆಚ್ಚಾಗಿ ಇದ್ದದ್ದು ತಿರುಗಿಸುವ ದಪ್ಪ ಗುಂಡಿಗಳು. ಒಮ್ಮೆಗೆ ಎರಡು ಮೂರಕ್ಕಿಂತ ಹೆಚ್ಚು ತಿರುಗಿಸುವುದು ಕಷ್ಟ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಅಣುಬಾಂಬ್ ಯೋಜನೆಯಲ್ಲಿ ದುಡಿದಿದ್ದ ಟಾಮ್ ಡೌಡ್, ಆ ದಶಕದ ಕೊನೆಗೆ ನ್ಯೂಯಾರ್ಕಿನ ಅಟ್ಲಾಂಟಿಕ್ ರೆಕಾರ್ಡ್ಸ್‌ನಲ್ಲಿ ಎಂಟು ಟ್ರ್ಯಾಕ್ ಮುದ್ರಣಕ್ಕಾಗಿ ಜಾರುಗುಂಡಿಗಳನ್ನು ಸಾಲಾಗಿ ಜೋಡಿಸಿದರು. ಪಿಯಾನೋ ನುಡಿಸುವಂತೆ ಎಲ್ಲ ಬೆರಳುಗಳೂ ಕೆಲಸಕ್ಕೆ ಬಂದವು.

1983ರಲ್ಲಿ ಬಂದ ಮಿಡಿ ಪದ್ಧತಿಯಲ್ಲಿ ಗುಂಡಿಯ ಸ್ಥಾನ 0ಯಿಂದ 127ರವರೆಗಿನ ಅಂಕಿಯಾಯಿತು. 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ಆರ್ಡುಯಿನೋ ಹುಟ್ಟಿದ ಮೇಲೆ ಫೇಡರ್ ಪೆಟ್ಟಿಗೆಯನ್ನು ಮನೆಯಲ್ಲೇ ಕಟ್ಟುವುದು ಸುಲಭವಾಯಿತು. 10 ಕಿಲೋ ಓಮ್ ಜಾರು ಪೊಟೆನ್ಶಿಯೋಮೀಟರಿನ ಒಂದು ತುದಿಗೆ 5 ವೋಲ್ಟ್, ಇನ್ನೊಂದಕ್ಕೆ ಗ್ರೌಂಡ್ ಕೊಡಿ. ನಡುತಂತಿಯನ್ನು ಊನೋ ಫಲಕಕ್ಕೆ ಸೇರಿಸಿ. ಫಲಕ ಓದುವುದು 0ಯಿಂದ 1023. ಎಂಟರಿಂದ ಭಾಗಿಸಿದರೆ ಮಿಡಿ ಅಂಕಿ.

ಕೈ ಮುಟ್ಟದಿದ್ದರೂ ಅಂಕಿ 63, 64 ಎಂದು ಕುಣಿಯುತ್ತಿದೆಯೇ? ನಾನು ಒಂದು ರಾತ್ರಿಯೆಲ್ಲ ಪ್ರೋಗ್ರಾಮನ್ನೇ ದೂರಿದೆ. ತಪ್ಪಿದ್ದದ್ದು ಗ್ರೌಂಡ್ ತಂತಿಯ ಸಡಿಲ ಬೆಸುಗೆಯಲ್ಲಿ. ನೀವು ಮೊದಲು ಬೆಸುಗೆ ನೋಡಿ. ಬಳಿಕ ನಡುತಂತಿಗೂ ಗ್ರೌಂಡಿಗೂ ನಡುವೆ 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಹಾಕಿ. ಕೈ ನಿಂತಾಗ ದನಿಯೂ ನಿಲ್ಲಬೇಕು. ಆಗಲೇ ಅದು ನಿಮ್ಮ ವಾದ್ಯ.